ಎಲೆ ಟೀ ಕೈಕೊಟ್ಟಾಗ: ಒಗರು, ಸಪ್ಪೆ, ಮಂಕು, ಮೇಲೊಂದು ಪೊರೆ

ನೀಲಗಿರಿಯ ಕೂನೂರಿಗೆ ಹೋದಾಗ ಕಾಲು ಕೆಜಿ ಎಲೆ ಟೀ ತಂದಿದ್ದೆ. ಅಲ್ಲಿ ಉಳಿದುಕೊಂಡಿದ್ದ ಮನೆಯಲ್ಲಿ ಬೆಳಿಗ್ಗೆ ಕೊಟ್ಟ ಟೀ ಇನ್ನೂ ನಾಲಿಗೆ ಮೇಲಿತ್ತು. ಜೇನಿನ ಬಣ್ಣ, ಹೂವಿನಂಥ ಘಮ. ಹಾಲು ಇರಲಿಲ್ಲ, ಸಕ್ಕರೆ ಬೇಕು ಅನಿಸಿರಲಿಲ್ಲ. ಬೆಂಗಳೂರಿಗೆ ಬಂದು ಅದೇ ಎಲೆಯಲ್ಲಿ ಮಾಡಿದರೆ ಬಂದದ್ದೇ ಬೇರೆ. ಮಂಕು ಕಂದು ಬಣ್ಣ, ಘಮ ನಾಪತ್ತೆ. ಎರಡು ನಿಮಿಷ ಬಿಟ್ಟರೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಒಂದು ಪೊರೆ. ಅಮ್ಮ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟರು. "ಇದೇನೋ ಇದು, ಕಲಗಚ್ಚು ಇದ್ದ ಹಾಗಿದೆ."

ಮೊದಲು ಅಂಗಡಿಯವನನ್ನು ಬೈದುಕೊಂಡೆ, ಹಳೇ ಮಾಲು ಸಾಗಹಾಕಿದ್ದಾನೆ ಅಂತ. ಆಮೇಲೆ ಎಲೆ ಜಾಸ್ತಿ ಹಾಕಿದೆ. ಆಮೇಲೆ ಜಾಸ್ತಿ ಹೊತ್ತು ಕುದಿಸಿದೆ. ಕೊನೆಗೆ ಎರಡನ್ನೂ ಒಟ್ಟಿಗೆ ಮಾಡಿದೆ. ಪ್ರತಿ ಸಲವೂ ಇನ್ನಷ್ಟು ಕೆಟ್ಟಿತೇ ಹೊರತು ಸುಧಾರಿಸಲಿಲ್ಲ. ಕಾರಣ ಹಿಡಿಯಲು ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಬೇರೆ ಬೇರೆ ದೋಷಗಳ ಪರಿಚಯವೂ ಆಯಿತು. ಅದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ದೋಷಕ್ಕೆ ಹೆಸರಿಡಿ

"ಟೀ ಚೆನ್ನಾಗಿಲ್ಲ" ಅಂದರೆ ಏನೂ ಗೊತ್ತಾಗುವುದಿಲ್ಲ. ಕಹಿಯೋ, ಒಗರೋ? ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ, ಅದನ್ನು ಬಳಸಿಕೊಳ್ಳಿ. ಹಾಗಲಕಾಯಿಯದ್ದು ಕಹಿ. ಎಳೆ ಬಾಳೆಕಾಯಿ, ಅಡಿಕೆ, ನೇರಳೆ ಹಣ್ಣು ತಿಂದಾಗ ಬಾಯಿ ಒಣಗಿ ಬಿಗಿಯುತ್ತದಲ್ಲ, ಅದು ಒಗರು. ಒಗರು ಟೀಯಲ್ಲಿ ಸ್ವಲ್ಪ ಇರಲೇಬೇಕು. ಅದೂ ಇಲ್ಲದಿದ್ದರೆ ಕುಡಿಯುತ್ತಿರುವುದು ಬಣ್ಣದ ಬಿಸಿನೀರು ಅಷ್ಟೇ.

ಒಗರು ಬರುವುದು ಎಲೆಯಲ್ಲಿರುವ ಪಾಲಿಫಿನಾಲ್‌ಗಳಿಂದ. ಕಹಿಯಲ್ಲಿ ಕೆಫೀನ್‌ಗೂ ಪಾಲಿದೆ. ನಾಲಿಗೆಗೆ ಹಿತವಾಗಿ, ಸಣ್ಣ ಸಿಹಿಯ ಹಾಗೆ ಅನಿಸುವುದಕ್ಕೆ ತಿಯನೈನ್ ಅನ್ನುವ ಅಮೈನೋ ಆಮ್ಲ ಕಾರಣ. ತಿಯನೈನ್ ಉಗುರುಬೆಚ್ಚಗಿಂತ ಸ್ವಲ್ಪ ಬಿಸಿಯಿರುವ ನೀರಿಗೂ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಪಾಲಿಫಿನಾಲ್‌ಗಳು ಹಾಗಲ್ಲ. ನೀರು ಬಿಸಿಯಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಅವು ಜಾಸ್ತಿ ಇಳಿಯುತ್ತವೆ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲೆ ಕೆಟ್ಟಿದೆಯೋ, ಕೈ ಕೆಟ್ಟಿದೆಯೋ

ಟೀ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಒಂದು ಅಳತೆ ಇಟ್ಟುಕೊಂಡಿದ್ದಾರೆ. 1980ರಲ್ಲಿ ಬಂದ ಐಎಸ್‌ಓ 3103 ಅನ್ನುವ ಅಂತರರಾಷ್ಟ್ರೀಯ ಮಾನಕದಲ್ಲೂ ಅದೇ ಇದೆ: 100 ಮಿಲಿ ನೀರಿಗೆ 2 ಗ್ರಾಂ ಎಲೆ, ಈಗತಾನೇ ಕುದ್ದ ನೀರು, ಮುಚ್ಚಳ ಮುಚ್ಚಿ 6 ನಿಮಿಷ. ಅದು ರುಚಿಯಾದ ಟೀ ಮಾಡುವ ವಿಧಾನ ಅಲ್ಲ. ಬಹಳ ಗಟ್ಟಿಯಾಗಿ ಬರುತ್ತದೆ. ಎಲೆಯ ಗುಣ ದೋಷ ಎರಡೂ ಎದ್ದು ಕಾಣಲಿ ಅಂತಲೇ ಹಾಗೆ ಮಾಡುವುದು.

ನಮಗೆ ಬೇಕಿರುವುದೂ ಅದೇ. ಅಂಗಡಿಯಿಂದ ಒಂದು ಬಾಟಲಿ ಕುಡಿಯುವ ನೀರು ತನ್ನಿ. ನೀರಿನ ಮೇಲಿನ ಅನುಮಾನವನ್ನು ಸದ್ಯಕ್ಕೆ ಬದಿಗಿಡಲು ಇದು ಬೇಕು. ಮೇಲಿನ ಅಳತೆಯಲ್ಲಿ ಒಂದು ಕಪ್ ಮಾಡಿ. ಸೋಸಿದ ಮೇಲೆ ಉಳಿದ ಒದ್ದೆ ಎಲೆಗೆ ಮೂಗು ಹತ್ತಿರ ಹಿಡಿಯಿರಿ. ಬಾಯಿ ಬಿಗಿಯುವಷ್ಟು ಒಗರಿದ್ದರೂ ಘಮ ಜೋರಾಗಿದ್ದರೆ ಎಲೆ ಸರಿಯಿದೆ, ನಿಮ್ಮ ವಿಧಾನ ಅಥವಾ ನೀರು ಸರಿಯಿಲ್ಲ. ಆರು ನಿಮಿಷ ಬಿಟ್ಟರೂ ಒಣ ಹುಲ್ಲಿನ, ಹಳೇ ಪೇಪರಿನ ವಾಸನೆ ಬಂದರೆ ಎಲೆಯ ಆಯಸ್ಸು ಮುಗಿದಿದೆ.

ನಾನು ಈ ಪರೀಕ್ಷೆಯನ್ನು ಎರಡನೇ ವಾರ ಮಾಡಿದೆ. ಘಮ ಭರ್ಜರಿಯಾಗಿ ಬಂತು. ಅಂಗಡಿಯವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ದಡ್ಡತನ ನೋಡಿ, ಬಾಟಲಿ ನೀರಿನಲ್ಲಿ ಚೆನ್ನಾಗಿ ಬಂದದ್ದಕ್ಕೆ ಕಾರಣ ಬಾಟಲಿ ನೀರೇ ಇರಬಹುದು ಅಂತ ಹೊಳೆಯಲಿಲ್ಲ. ಆರು ನಿಮಿಷ ಬಿಟ್ಟಿದ್ದಕ್ಕೆ ಹೀಗೆ ಬಂತು ಅಂದುಕೊಂಡೆ. ನೀರು, ಅಳತೆ, ಹೊತ್ತು ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದೆನಲ್ಲ. ಹಾಗಾಗಿ ಮುಂದಿನ ಎಲ್ಲ ಪರೀಕ್ಷೆಗೂ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಕಪ್ ಪಕ್ಕಪಕ್ಕ ಇಟ್ಟು ಮಾಡಿದರೆ ಇನ್ನೂ ಒಳ್ಳೆಯದು. ನಿನ್ನೆಯ ರುಚಿ ನಾಲಿಗೆಗೆ ನೆನಪಿರುವುದಿಲ್ಲ.

ಬಾಯಿ ಬಿಗಿಯುವ ಒಗರು

ಇದು ಎಲ್ಲರ ಮನೆಯ ಮೊದಲ ದೂರು. ಕಾರಣ ನಮ್ಮ ಅಭ್ಯಾಸ. ನಾವು ಬೆಳೆದದ್ದು ಸಿಟಿಸಿ ಟೀಯಲ್ಲಿ. ಎಲೆಯನ್ನು ಹಲ್ಲಿರುವ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳು ಮಾಡುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಇವತ್ತು ಭಾರತದಲ್ಲಿ ತಯಾರಾಗುವ ಟೀಯಲ್ಲಿ ಹೆಚ್ಚಿನದ್ದು ಅದೇ. ಜಜ್ಜಿದ ಎಲೆ ಆದ್ದರಿಂದ ಬಣ್ಣ, ಒಗರು ಬೇಗ ಬಿಡುತ್ತದೆ. ಹಾಲಿನ ಪ್ರೋಟೀನ್ ಆ ಪಾಲಿಫಿನಾಲ್‌ಗಳನ್ನು ಹಿಡಿದುಕೊಂಡು ಒಗರು ಇಳಿಸುತ್ತದೆ. ಹಾಗಾಗಿ ಹಾಲು ಹಾಕಿ ಕುದಿಸಿದರೂ, ಎರಡು ಸಲ ಉಕ್ಕಿಸಿದರೂ ನಡೆಯುತ್ತದೆ.

ಎಲೆ ಟೀ, ಅಂದರೆ ಅಂಗಡಿಯವರು ಆರ್ಥೊಡಾಕ್ಸ್ ಅನ್ನುವ ಟೀ, ಬೇರೆ ಜಾತಿಯದಲ್ಲ. ಗಿಡ ಅದೇ. ಎಲೆಯನ್ನು ಬಾಡಿಸಿ, ಹೊಸೆದು, ಒಣಗಿಸಿರುತ್ತಾರೆ ಅಷ್ಟೇ. ಇದನ್ನು ಪಾತ್ರೆಗೆ ಹಾಕಿ ಸ್ಟವ್ ಮೇಲೆ ಕುದಿಸಿದರೆ ಘಮ ಆವಿಯಾಗಿ ಹೋಗಿ ಒಗರು ಮಾತ್ರ ಉಳಿಯುತ್ತದೆ. ಘಮ ನೋಡಬೇಕೆಂದರೆ ಅಡುಗೆಮನೆಗೆ ಬನ್ನಿ, ಲೋಟದಲ್ಲಿ ಸಿಗುವುದಿಲ್ಲ! ಹಾಗಾಗಿ ಸ್ಟವ್ ಆರಿಸಿ. ಕುದ್ದ ನೀರನ್ನು ಎಲೆಯ ಮೇಲೆ ಸುರಿದು ಮುಚ್ಚಿಡಿ.

ನಮ್ಮ ಮನೆಯ ಅಳತೆ ಹೇಳುತ್ತೇನೆ, ಇಲ್ಲಿಂದ ಶುರು ಮಾಡಿ ನಿಮ್ಮ ರುಚಿಗೆ ಬದಲಾಯಿಸಿಕೊಳ್ಳಿ. ನೀಲಗಿರಿ ಕಪ್ಪು ಟೀ 3 ಗ್ರಾಂ, ನೀರು 200 ಮಿಲಿ, 3 ನಿಮಿಷ. ಒಗರು ಜಾಸ್ತಿ ಅನಿಸಿದರೆ ಅರ್ಧ ನಿಮಿಷ ಕಡಿಮೆ ಮಾಡಿ, ಎಲೆಯ ಅಳತೆ ಮುಟ್ಟಬೇಡಿ. ಹೊತ್ತಾದ ಮೇಲೆ ಪೂರ್ತಿ ಸೋಸಿಬಿಡಿ. ಒಂದು ಲೋಟ ಬಗ್ಗಿಸಿಕೊಂಡು ಉಳಿದದ್ದನ್ನು ಎಲೆಯ ಜೊತೆಗೇ ಬಿಡುತ್ತೇವಲ್ಲ, ಎರಡನೇ ಲೋಟ ಕಷಾಯ ಆಗುವುದು ಅದಕ್ಕೇ. ಜರಡಿಯಲ್ಲಿ ಉಳಿದ ಎಲೆಯನ್ನು ಚಮಚದಿಂದ ಒತ್ತಿ ಹಿಂಡುವ ಕೆಲಸವೂ ಬೇಡ.

ಇನ್ನು ಬಿಸಿಯ ವಿಷಯ. ಗ್ರೀನ್ ಟೀ ಕುದಿನೀರಿನಲ್ಲಿ ಕಹಿಯಾಗುತ್ತದೆ, ಅದಕ್ಕೆ 75ರಿಂದ 80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಿಲ್ಲ. ಬೆಂಗಳೂರಿನಲ್ಲಿ ಮೂರು ಪಾಲು ಕುದ್ದ ನೀರಿಗೆ ಒಂದು ಪಾಲು ಕೊಡದಲ್ಲಿಟ್ಟ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ 79 ಡಿಗ್ರಿ ಬರುತ್ತದೆ. ಲೆಕ್ಕ ಹಾಕಿ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕೊಯ್ಯುವ ಡಾರ್ಜಿಲಿಂಗ್ ಮೊದಲ ಚಿಗುರಿಗೆ 85ರಿಂದ 90 ಒಳ್ಳೆಯದು. ಅದು ಕಪ್ಪು ಟೀ ಅನ್ನಿಸಿಕೊಂಡರೂ ಎಲೆಯಲ್ಲಿ ಇನ್ನೂ ಹಸಿರು ಉಳಿದಿರುತ್ತದೆ.

ನಾನು ಇಲ್ಲಿ ಒಂದು ವಾರ ದಾರಿ ತಪ್ಪಿದೆ. ಎತ್ತರದ ಊರಲ್ಲಿ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸು, 1,800 ಮೀಟರ್ ದಾಟಿದ ಕೂನೂರಿನಲ್ಲಿ 94ರ ಹತ್ತಿರ. ಓಹೋ, ಈ ಮೂರು ಡಿಗ್ರಿಯೇ ವ್ಯತ್ಯಾಸ ಅಂತ ಬೀಗಿದೆ. ಒಂದು ನಿಮಿಷ ಆರಿಸಿದ ನೀರಲ್ಲಿ ಮಾಡಿದೆ, ಎರಡು ನಿಮಿಷ ಆರಿಸಿ ಮಾಡಿದೆ. ಒಗರು ಚೂರು ಇಳಿಯಿತು. ಮಂಕು ಮತ್ತು ಪೊರೆ ಹಾಗೇ ಇದ್ದವು. ನೀಲಗಿರಿಯಂಥ ಕಪ್ಪು ಟೀಗೆ ಮೂರು ಡಿಗ್ರಿ ದೊಡ್ಡ ವಿಷಯವೇ ಅಲ್ಲ.

ಸಪ್ಪೆ, ನೀರು ನೀರು

ಒಗರಿನ ಭಯಕ್ಕೆ ಬೇಗ ಸೋಸಿದವರ ದೂರು ಇದು. ಗಟ್ಟಿ ಬೇಕಾದರೆ ಎಲೆ ಹೆಚ್ಚಿಸಿ, ಹೊತ್ತು ಹೆಚ್ಚಿಸಬೇಡಿ. ಚಮಚದ ಅಳತೆಯನ್ನೂ ನಂಬಬೇಡಿ. ಸಿಟಿಸಿ ಕಾಳು ಚಮಚದಲ್ಲಿ ಒತ್ತಾಗಿ ಕೂರುತ್ತದೆ. ಉದ್ದ ಎಲೆ ಚಮಚದಲ್ಲಿ ಕಡ್ಡಿ ಜೋಡಿಸಿದ ಹಾಗೆ ಪೊಳ್ಳಾಗಿ ನಿಲ್ಲುತ್ತದೆ. ನೋಡಲು ಅಷ್ಟೇ, ತೂಕದಲ್ಲಿ ಅರ್ಧವೂ ಇರದಿರಬಹುದು. 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಈ ಗೊಂದಲವೇ ಇಲ್ಲ.

ಸರಪಳಿಗೆ ನೇತುಹಾಕಿದ ತೂತಿನ ಉಂಡೆಯಲ್ಲಿ ಎಲೆ ತುಂಬಿಸಿ ಮುಳುಗಿಸುತ್ತಿದ್ದೀರಾ? ಹಾಗಿದ್ದರೆ ಅದನ್ನು ಮೂಲೆಗಿಡಿ. ನೀರು ಕುಡಿದ ಎಲೆ ಹಲವು ಪಟ್ಟು ಉಬ್ಬುತ್ತದೆ. ಉಂಡೆಯೊಳಗೆ ಅದಕ್ಕೆ ಜಾಗವೇ ಇಲ್ಲ. ಹೊರಗಿನ ಎಲೆ ಒದ್ದೆ, ನಡುವಿನದ್ದು ಹಾಗೇ. ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಬಿಡಿಯಾಗಿ ನೆನೆಸಿ ಟೀ ಜರಡಿಯಲ್ಲಿ ಸೋಸಿದರೆ ಸಾಕು. ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಪಾತ್ರೆಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಪಿಂಗಾಣಿ ಪಾತ್ರೆ ನೀರಿನ ಬಿಸಿಯನ್ನು ತಾನೇ ಹೀರಿಕೊಂಡುಬಿಡುತ್ತದೆ.

ಹಾಲು ಹಾಕಿ ಸಪ್ಪೆಯಾಯಿತು ಅಂದರೆ ಅದು ದೋಷವಲ್ಲ, ಜೋಡಿ ಸರಿಯಿಲ್ಲ. ಅಸ್ಸಾಂ ಎಲೆ ಹಾಲನ್ನು ತಡೆಯುತ್ತದೆ. ನೀಲಗಿರಿ, ಡಾರ್ಜಿಲಿಂಗ್ ಹಾಲಿನಲ್ಲಿ ಮುಳುಗಿಹೋಗುತ್ತವೆ.

ಮಂಕು ಬಣ್ಣ, ಮೇಲೆ ಪೊರೆ

ನನ್ನ ಕಾಯಿಲೆ ಇದೇ ಆಗಿತ್ತು. ಸುಳಿವು ಕೊಟ್ಟದ್ದು ಟೀ ಅಲ್ಲ, ತೊಗರಿಬೇಳೆ.

ಒಂದು ದಿನ ಕುಕ್ಕರ್ ಐದು ಸಲ ಕೂಗಿದರೂ ಬೇಳೆ ಕರಗಿರಲಿಲ್ಲ. "ಇವತ್ತು ಬೋರ್ ನೀರು ಬಿಟ್ಟಿದ್ದಾರೆ, ಇನ್ನೆಲ್ಲಿ ಬೇಯುತ್ತೆ" ಅಂದರು ಅಮ್ಮ. ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಒಂದು ದಿನ ಕಾವೇರಿ ನೀರು ಬಂದರೆ ಇನ್ನೊಂದು ದಿನ ಬೋರ್‌ವೆಲ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಕೂಡ. ಕುಡಿಯಲು ಆರ್‌ಓ ನೀರು ಇದೆ. ಆದರೆ ಟೀಗೆ ಮಾತ್ರ ನಲ್ಲಿ ನೀರು, "ಹೇಗಿದ್ದರೂ ಕುದಿಯುತ್ತಲ್ಲ" ಅಂತ. ನನ್ನ ಟೀ ಒಂದು ದಿನ ಪರವಾಗಿಲ್ಲ ಅನ್ನುವಂತೆ, ಮರುದಿನ ಕಲಗಚ್ಚಿನಂತೆ ಆಗುತ್ತಿದ್ದದ್ದು ಆಗ ಅರ್ಥವಾಯಿತು. ನಿಮ್ಮಲ್ಲೂ ಅದೇ ಎಲೆ, ಅದೇ ಅಳತೆ ಇದ್ದು ದಿನಕ್ಕೊಂದು ರುಚಿ ಬರುತ್ತಿದ್ದರೆ ಮೊದಲು ನೀರನ್ನು ಅನುಮಾನಿಸಿ.

ಬೇಳೆ ಬೇಯದ, ಸೋಪು ನೊರೆ ಬಾರದ ನೀರು ಗಡುಸು ನೀರು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಜಾಸ್ತಿ. ಇವು ಟೀಯ ಪಾಲಿಫಿನಾಲ್‌ಗಳ ಜೊತೆ, ಗಾಳಿ ತಾಗುವ ಮೇಲ್ಭಾಗದಲ್ಲಿ ಸೇರಿ ಪೊರೆ ಕಟ್ಟುತ್ತವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಸಾಯನಶಾಸ್ತ್ರಜ್ಞ ಮೈಕೆಲ್ ಸ್ಪಿರೋ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನೇ ಕೂತು ಅಧ್ಯಯನ ಮಾಡಿದರು. ಲಂಡನ್ ನೀರೂ ಗಡುಸೇ, ಪಾಪ. ಆ ಪೊರೆ ಎಣ್ಣೆಯಲ್ಲ, ಎಲೆಗೆ ಬಳಿದ ಮೇಣವೂ ಅಲ್ಲ. ಚಮಚದ ತುದಿ ತಾಗಿಸಿ ನೋಡಿ. ಎಣ್ಣೆಯಾದರೆ ದುಂಡನೆ ಹನಿಯಾಗುತ್ತದೆ. ಇದು ತೆಳು ಹಾಳೆಯಂತೆ ಚೂರುಚೂರಾಗಿ ಒಡೆಯುತ್ತದೆ. ಲೋಟದ ಅಂಚಿಗೆ ಕಂದು ಗೆರೆಯಾಗಿ ಅಂಟುವುದೂ ಇದೇ.

ಖಾತ್ರಿ ಮಾಡಿಕೊಳ್ಳಲು ಎರಡು ಲೋಟ ಟೀ ತೆಗೆದುಕೊಂಡು ಒಂದಕ್ಕೆ ನಾಲ್ಕು ಹನಿ ನಿಂಬೆರಸ ಹಾಕಿ. ಅದರಲ್ಲಿ ಪೊರೆ ಕಟ್ಟದೆ ಇನ್ನೊಂದರಲ್ಲಿ ಕಟ್ಟಿದರೆ ನೀರು ಗಡುಸು. ಎರಡರ ಬಣ್ಣವೂ ಬೇರೆಯಾಗುತ್ತದೆ. ಆದರೆ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ, ನಿಂಬೆ ಬಿದ್ದರೆ ಯಾವ ನೀರಿನ ಟೀಯೂ ತಿಳಿಯಾಗುತ್ತದೆ. ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ ಸುಣ್ಣದಂಥ ಬಿಳಿ ಪದರ ಕೂತಿದ್ದರೆ ಈ ಪರೀಕ್ಷೆಯೂ ಬೇಡ.

ಪರಿಹಾರಕ್ಕೆ ಮೊದಲು ಪೂರ್ತಿ ಆರ್‌ಓ ನೀರು ಬಳಸಿದೆ. ಪೊರೆ ಹೋಯಿತು, ಬಣ್ಣ ಹೊಳೆಯಿತು. ಆದರೆ ರುಚಿ ತೆಳ್ಳಗೆ, ಒಂಥರಾ ಚೂಪು. ಎಲ್ಲ ಲವಣ ಕಳೆದುಕೊಂಡ ನೀರಿಗೆ ಮೈಕಟ್ಟಿಲ್ಲ. ಒಂದು ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ಅಂದಾಜು ತೋರಿಸುವ ಟಿಡಿಎಸ್ ಮೀಟರ್ ಎರವಲು ತಂದು ನೋಡಿದರೆ ಬೋರ್ ನೀರು 640, ಆರ್‌ಓ ನೀರು 35. (ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 500ರವರೆಗೆ ಒಪ್ಪಿಗೆ.) ನಾಲ್ಕು ಪಾಲು ಆರ್‌ಓಗೆ ಒಂದು ಪಾಲು ಬೋರ್ ಬೆರೆಸಿದೆ. ಸುಮಾರು 150ಕ್ಕೆ ಬಂತು. ಅದರಲ್ಲಿ ಮಾಡಿದ ಟೀ ಕೂನೂರಿನದ್ದಕ್ಕೆ ಬಹಳ ಹತ್ತಿರ ಇತ್ತು. ಟಿಡಿಎಸ್ ಮೀಟರ್ ಎಲ್ಲ ಲವಣವನ್ನೂ ಸೇರಿಸಿ ಹೇಳುತ್ತದೆ, ಬರೀ ಗಡುಸುತನ ಅಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಪಾಲು ಬೇರೆಯಾದೀತು. ನಾಲಿಗೆಯೇ ಕೊನೆಯ ಮೀಟರ್.

ಆರ್‌ಓ ಇಲ್ಲದವರು ನೀರನ್ನು ಐದು ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ, ತಳದ ಸುಣ್ಣ ಕದಡದಂತೆ ಮೇಲಿನ ನೀರು ಬಸಿದುಕೊಳ್ಳಿ. ಬೈಕಾರ್ಬೊನೇಟ್‌ನಿಂದ ಬಂದ ಗಡುಸು ಅದರಲ್ಲಿ ಸಾಕಷ್ಟು ಇಳಿಯುತ್ತದೆ. ಟೀ ಮಾಡಲು ಅದನ್ನೇ ಮತ್ತೆ ಕುದಿಸಬೇಕು. ಎರಡು ಸಲ ಕುದಿಸಿದ ನೀರಲ್ಲಿ ಆಮ್ಲಜನಕ ಹೋಗಿ ಟೀ ಸಪ್ಪೆಯಾಗುತ್ತದೆ ಅನ್ನುವ ಮಾತಿದೆ. ಕುದಿಯುವ ನೀರಲ್ಲಿ ಮೊದಲ ಸಲವೇ ಆಮ್ಲಜನಕ ಉಳಿಯುವುದಿಲ್ಲ. ಎರಡು ಕಪ್ ಪಕ್ಕಪಕ್ಕ ಇಟ್ಟಾಗ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಟೀ ಮಂಕು ಕಂದಲ್ಲ, ಶಾಯಿಯ ಹಾಗೆ ನೀಲಿಗಪ್ಪು ಆಗುತ್ತಿದೆಯೇ? ಅದು ಕಬ್ಬಿಣದ ಗುರುತು. ನೀರಲ್ಲಿ ಕಬ್ಬಿಣ ಇರಬೇಕು, ಇಲ್ಲವೇ ತುಕ್ಕು ಹಿಡಿದ ಪಾತ್ರೆ, ಜರಡಿ ಇರಬೇಕು.

ತಣ್ಣಗಾದ ಮೇಲೆ ಕದಡಿದರೆ

ಬಿಸಿಯಿದ್ದಾಗ ತಿಳಿ, ಫ್ರಿಜ್‌ನಲ್ಲಿಟ್ಟರೆ ಹಾಲು ಬೆರೆಸಿದ ಹಾಗೆ ಕದಡು. ಇದು ದೋಷವೇ ಅಲ್ಲ. ಕೆಫೀನ್ ಮತ್ತು ಪಾಲಿಫಿನಾಲ್‌ಗಳು ತಣ್ಣಗೆ ಕೈಕೈ ಹಿಡಿದುಕೊಳ್ಳುತ್ತವೆ. ಗಟ್ಟಿ ಟೀಯಲ್ಲಿ ಜಾಸ್ತಿ. ಸ್ವಲ್ಪ ಕುದಿನೀರು ಬೆರೆಸಿದರೆ ತಿಳಿಯಾಗುತ್ತದೆ. ಐಸ್ ಟೀ ತಿಳಿಯಾಗಿಯೇ ಇರಬೇಕೆಂದರೆ ತಣ್ಣೀರಲ್ಲೇ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಹಾಲು ಒಡೆದರೆ

ಹಾಲು ಹಾಕಿ ಮಾಡುವವರಿಗೆ ಮಾತ್ರ ಇದು. ಹಸಿ ಶುಂಠಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವ ಇದೆ. ಶುಂಠಿ ಮತ್ತು ಹಾಲು ಒಟ್ಟಿಗೆ ಬಿಸಿಯಾಗುತ್ತಾ ಹೋದರೆ ಅದು ತನ್ನ ಕೆಲಸ ಮಾಡಿಬಿಡುತ್ತದೆ. ಶುಂಠಿಯನ್ನು ಮೊದಲು ನೀರಲ್ಲಿ ಎರಡು ಮೂರು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಿ. ಬೆಲ್ಲವನ್ನು ಸ್ಟವ್ ಆರಿಸಿದ ಮೇಲೆ ಬೆರೆಸಿ.

ಬಣ್ಣ ಬೇಗ ಬಂದರೆ

ಎಲೆಯ ಮೇಲೆ ತಣ್ಣೀರು ಹಾಕಿದ ತಕ್ಷಣ ಕೆಂಪು ಬಣ್ಣ ಇಳಿದರೆ ಹುಷಾರಾಗಿ. ಬಿಳಿ ಸೋಸುಕಾಗದದ ಮೇಲೆ ನಾಲ್ಕು ಎಲೆ ಹರಡಿ, ನೀರು ಚಿಮುಕಿಸಿ, ಎಲೆ ತೊಳೆದು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಎದ್ದು ಕಾಣುವ ಕಲೆ ಉಳಿದಿದ್ದರೆ ಬಣ್ಣ ಬೆರೆಸಿದ್ದಾರೆ. ಅಂಥ ಪ್ಯಾಕೆಟ್ ಬಳಸಬೇಡಿ.

ಬೇರೆ ಏನೋ ವಾಸನೆ

ಟೀ ಎಲೆ ಒಣಗಿದ ಸ್ಪಂಜಿನ ಹಾಗೆ. ತೇವ, ವಾಸನೆ ಎರಡನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಬೆರಳಲ್ಲಿ ಮುರಿದರೆ ಎಲೆ ಪಟ್ ಅನ್ನಬೇಕು. ಬಳುಕಿದರೆ ತೇವ ಹಿಡಿದಿದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ತೇವ ಹೋಗುತ್ತದೆ. ಹೋದ ಘಮ ಮಾತ್ರ ವಾಪಸ್ ಬರುವುದಿಲ್ಲ. ಮುಗ್ಗು ವಾಸನೆ ಇದ್ದರೆ, ಬೂಸ್ಟು ಕಂಡರೆ ಯೋಚಿಸದೆ ಬಿಸಾಡಿ. ಗಾಜಿನ ಡಬ್ಬಿ ನೋಡಲು ಚೆಂದ, ಆದರೆ ಬೆಳಕು ಎಲೆಗೆ ಆಗುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು. ಸ್ಟವ್ ಮೇಲಿನ ಶೆಲ್ಫ್ ಬೇಡ.

ಇಷ್ಟೆಲ್ಲ ಕಲಿತು, ನೀರು ಸರಿ ಮಾಡಿಕೊಂಡು, ದಿನಾ ಸಂಜೆ ಒಂದು ಲೋಟ ಚೆನ್ನಾಗಿ ಕುಡಿಯುತ್ತಿದ್ದೆ. ಅಮ್ಮ ಕೂಡ "ನನಗೂ ಅರ್ಧ ಲೋಟ ಬಗ್ಗಿಸು" ಅನ್ನುವ ಮಟ್ಟಕ್ಕೆ ಬಂದಿದ್ದರು. ಪ್ಯಾಕೆಟ್‌ನಲ್ಲಿ ಐವತ್ತು ಗ್ರಾಂನಷ್ಟು ಉಳಿದಿತ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ನಾಲ್ಕು ದಿನ ಊರಿಗೆ ಹೋಗುವ ಅವಸರದಲ್ಲಿ ಕೈಗೆ ಸಿಕ್ಕ ದೊಡ್ಡ ಡಬ್ಬಿಯೊಳಗೆ ಇಟ್ಟು ಹೋದೆ. ಅದು ಇಂಗಿನ ಡಬ್ಬಿ ಇಡುವ ಜಾಗ. ಬಂದು ಟೀ ಮಾಡಿದರೆ ತಿಳಿಸಾರಿನ ಘಮ. ಆ ಐವತ್ತು ಗ್ರಾಂ ಈಗ ಬಾಲ್ಕನಿಯ ಗುಲಾಬಿ ಗಿಡದ ಬುಡದಲ್ಲಿದೆ.